ಮೂರನೇ ದರ್ಜೆಯ ಮೆಟ್ಟಿಲು

ಜಯಶೀಲಾ ಮೇಡಂ ನನ್ನ ಹತ್ತಿರ ಕೆಲಸಕ್ಕೆ ಸೇರಿದಾಗ ಅವರಿಗೆ ಐವತ್ತೆರಡು. ೨೦೦೧ರ ಮಾತು. ಸವಳಂಗ ರಸ್ತೆಯಲ್ಲಿ ನನ್ನದೊಂದು ಕಂಪ್ಯೂಟರ್ ಸೆಂಟರ್. ನಾಲ್ಕು ಕಂಪ್ಯೂಟರು, ಒಂದು ಪ್ರಿಂಟರು, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ನಾನು. ಮೇಡಂ ಭದ್ರಾವತಿಯ ಒಂದು ಖಾಸಗಿ ಫೌಂಡ್ರಿಯಲ್ಲಿ ಇಪ್ಪತ್ತೈದು ವರ್ಷ ಟ್ರೇಸರ್ ಆಗಿದ್ದವರು. ಎಂಜಿನಿಯರ್ ಬರೆದ ನಕ್ಷೆಯ ಮೇಲೆ ತೆಳು ಹಾಳೆ ಹಾಸಿ ಗೆರೆಯ ಮೇಲೆ ಗೆರೆ ಎಳೆಯುವ ಕೆಲಸ. ಫೌಂಡ್ರಿ ಮುಚ್ಚಿದ ಮೇಲೆ ನಮ್ಮಲ್ಲೇ, ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಆಟೋಕ್ಯಾಡ್ ಕಲಿತರು. ಮೌಸ್ ಹಿಡಿಯಲು ಬಾರದೆ ಮೊದಲ ವಾರ ಅತ್ತದ್ದೂ ಉಂಟು.

ಆ ವರ್ಷ ಮುಂಬೈನ ಒಂದು ಕಂಪನಿಯಿಂದ ದೊಡ್ಡ ಕೆಲಸ ಬಂತು. ತೊಂಬತ್ತು ವರ್ಷ ಹಳೆಯ ಪ್ರಯಾಣಿಕರ ಹಡಗೊಂದನ್ನು ಅವರು ಕಳಿಸಿದ ನಕ್ಷೆಗಳ ಪ್ರಕಾರ ಮ್ಯೂಸಿಯಂಗಾಗಿ ಕಂಪ್ಯೂಟರಿನಲ್ಲಿ ಮೊಳೆ ಮೊಳೆಯೂ ಕಾಣುವಂತೆ ಕಟ್ಟಿಕೊಡಬೇಕಿತ್ತು. ಸಮುದ್ರವನ್ನೇ ನೋಡಿರದ ಮೇಡಂ ಆರು ತಿಂಗಳು ಆ ಹಡಗಿನಲ್ಲೇ ವಾಸವಿದ್ದರು ಅನ್ನಬೇಕು.

ಕೆಲಸ ಒಪ್ಪಿಸಲು ನಾಲ್ಕೇ ದಿನ ಇದೆ ಅನ್ನುವಾಗ ನನ್ನ ಟೇಬಲ್ ಮುಂದೆ ಬಂದು ನಿಂತರು.

"ಸರ್, ಮೂರನೇ ಕ್ಲಾಸಿನವರ ಮೆಟ್ಟಿಲು ಮೇಲಿನ ಡೆಕ್ಕಿಗೆ ಸೇರ್ತಾ ಇಲ್ಲ. ಕೆಳಗಿನ ನಕ್ಷೇಲಿ ಮೆಟ್ಟಿಲಿದೆ, ಮೇಲಿನದ್ರಲ್ಲಿ ಅದೇ ಜಾಗಕ್ಕೆ ಗೋಡೆ ಇದೆ."

"ಅವರು ಕೊಟ್ಟ ಹಾಗೇ ಮಾಡಿ."

"ಹತ್ತಿ ಬಂದವರು ಗೋಡೆಗೆ ತಲೆ ಹೊಡ್ಕೋತಾರೆ ಸರ್."

ನನಗೆ ರೇಗಿತು. "ಯಾರು ಹತ್ತಬೇಕು ಮಾರಾಯ್ತಿ ಅದನ್ನ? ಸತ್ತು ಮಣ್ಣಾದ ಜನ! ಟ್ರೇಸರ್ ಆಗಿದ್ದೋರು ನೀವು, ಇದ್ದದ್ದನ್ನ ಇದ್ದ ಹಾಗೆ ಎಳೀರಿ ಸಾಕು."

ನನ್ನ ತಾಯಿ ವಯಸ್ಸಿನವರಿಗೆ ಹಾಗಂದೆ. ಮೇಡಂ ಅಲ್ಲಾಡಲಿಲ್ಲ.

"ಹಾಗೆ ಎಳೆದೇ ಈಶ್ವರಪ್ಪನ ಬೆರಳು ಹೋಗಿದ್ದು ಸರ್. ಫೌಂಡ್ರೀಲಿ ಒಂದು ಮಿಷನ್ನಿನ ಗಾಲಿ ಮುಚ್ಚೋ ಕವರಿನ ನಕ್ಷೆ. ಅಳತೆ ತಪ್ಪಿತ್ತು, ನಂಗೆ ಕಂಡಿತ್ತು. ಟ್ರೇಸರ್ ಬಾಯಿ ಬಿಡಬಾರ್ದು ಅಂತ ಸುಮ್ನಿದ್ದೆ. ನಾಲ್ಕು ಬೆರಳು ಸರ್. ನಮ್ಮ ಬೀದಿಯವನೇ. ಈಗ್ಲೂ ಎದುರು ಸಿಕ್ಕಿದ್ರೆ ಅಕ್ಕಾ ಅಂತ ನಗ್ತಾನೆ. ಅವನಿಗೆ ಗೊತ್ತಿಲ್ಲ."

ನನ್ನ ಸಿಟ್ಟು ಅಷ್ಟಕ್ಕೇ ಇಳಿಯಿತು ಅಂದರೆ ಸುಳ್ಳಾಗುತ್ತದೆ. ಫೋನನ್ನು ಅವರ ಕಡೆ ತಳ್ಳಿ, "ನೀವೇ ಮುಂಬೈಗೆ ಹೇಳಿ. ಈ ಕೆಲಸ ಕೈ ತಪ್ಪಿದ್ರೆ ನಾಳೆಯಿಂದ ಬರೋದು ಬೇಡ" ಅಂದುಬಿಟ್ಟೆ. ಗಂಡನಿಲ್ಲದ ಆ ಮನೆಗೆ ನಾನು ಕೊಡುವ ಸಂಬಳವೇ ಆಧಾರ ಅಂತ ಗೊತ್ತಿದ್ದೂ ಅಂದೆ. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಮೇಡಂ ನಂಬರ್ ಒತ್ತಿದರು. ಬಂದಷ್ಟು ಇಂಗ್ಲಿಷಿನಲ್ಲಿ, ಶೀಟ್ ನಂಬರ್ ಸಮೇತ, ಎರಡೂ ಡೆಕ್ಕಿನ ಅಳತೆ ಹೇಳಿದರು. ನಾನು ಸ್ಪೀಕರ್ ಹಾಕಿದೆ. ಆ ಕಡೆ ಹಾಳೆ ಮಗುಚುವ ಸದ್ದು ಬಹಳ ಹೊತ್ತು ಕೇಳಿತು. ಆಮೇಲೆ ಕಂಪನಿಯ ಆ ಮನುಷ್ಯ, ತಪ್ಪು ತಮ್ಮದೇ, ಬೇರೆ ಬೇರೆ ವರ್ಷದ ಎರಡು ನಕ್ಷೆ ಸೇರಿಹೋಗಿವೆ, ಸರಿಯಾದದ್ದನ್ನು ಕಳಿಸುತ್ತೇನೆ, ಎರಡು ವಾರ ಹೆಚ್ಚು ತೆಗೆದುಕೊಳ್ಳಿ ಅಂದ. ಥ್ಯಾಂಕ್ಸ್ ಕೂಡ ಹೇಳಿದ.

ನನಗೋ ಕುಣಿಯುವಷ್ಟು ಖುಷಿ. ಮೇಡಂ ಮಾತ್ರ ರಿಸೀವರ್ ಇಟ್ಟು ಕುರ್ಚಿಯಲ್ಲಿ ಕುಸಿದು ಬಿಕ್ಕಿ ಬಿಕ್ಕಿ ಅತ್ತರು.

"ಇಷ್ಟೇನಾ ಸರ್? ಎರಡು ನಿಮಿಷದ ಮಾತು. ಅವತ್ತು ಫೌಂಡ್ರೀಲೂ ಇಷ್ಟೇ ಸಾಕಾಗಿತ್ತಲ್ಲ."

ಮೇಡಂ ಮುಖ ಒರೆಸಿಕೊಂಡು ಎದ್ದರು. "ಇವತ್ತು ಬೇಗ ಹೋಗ್ತೀನಿ ಸರ್. ಈಶ್ವರಪ್ಪನ ಮನೇಗೆ ಹೋಗಿ ಹೇಳ್ಬೇಕು."

ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆ. ದಾರಿಯುದ್ದಕ್ಕೂ ಕ್ಷಮೆ ಕೇಳಬೇಕು ಅಂದುಕೊಂಡೆ, ಬಾಯಿ ಬರಲಿಲ್ಲ. ಭದ್ರಾವತಿ ಬಸ್ ಹೊರಟುಹೋಯಿತು.