ತಮ್ಮನ ಮಾತಿಗೆ ವೈಫೈ ಕೂಡಿಸಿದ ರವಿವಾರ

ನನ್ನ ತಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಬೈಲಹೊಂಗಲದ ನಮ್ಮ ತವರುಮನೆಯ ಮುಂದಿನ ಕೋಣೆಯಲ್ಲಿ ಅವನ ಹೊಲಿಗೆ ಅಂಗಡಿ ಇದೆ. ಓಣಿಯ ಹೆಂಗಸರು ಕುಬಸ ಹೊಲಿಸಲು ಅವನ ಹತ್ತಿರವೇ ಬರುತ್ತಾರೆ. ಹೊಲಿಗೆ ಚೆಂದ ಎನ್ನುವುದು ಒಂದು ಕಾರಣ. ಅವನ ಮುಂದೆ ಕುಳಿತು ಅತ್ತೆಯ ಮೇಲಿನ ಸಿಟ್ಟನ್ನು ಬಾಯಿತುಂಬ ಹೇಳಿಕೊಳ್ಳಬಹುದು ಎನ್ನುವುದು ಇನ್ನೊಂದು. ತುಟಿ ನೋಡಿಯೇ ಅರ್ಧ ಕಥೆ ಅವನಿಗೆ ಗೊತ್ತಾಗುತ್ತದೆಂದು ಪಾಪ ಅವರಿಗೆ ತಿಳಿಯದು. ತಾನು ಹೇಳಬೇಕಾದ್ದನ್ನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆಯುತ್ತಾನೆ. ಮನೆಯಲ್ಲಿ ಅವನಿಗೂ ನಮಗೂ ನಡುವೆ ಇರುವುದು ಉಣ್ಣು, ಬಾ, ಹೋಗು, ಎಲ್ಲಿ ಎಂಬಷ್ಟು ಸನ್ನೆ. ಅವನ ನಿಜವಾದ ಮಾತು ಬೇರೆ. ಅದು ಕಿವುಡ ಮಕ್ಕಳ ಸಾಲೆಯಲ್ಲಿ ಕಲಿತ ಕೈಮಾತು. ಎರಡೂ ಕೈ, ಹುಬ್ಬು, ಮುಖ ಎಲ್ಲ ಕೂಡಿ ಆಡುವ ಮಾತು. ಅದು ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಕಳೆದ ವರ್ಷ ರಾಮದುರ್ಗದಿಂದ ಅವನಿಗೊಂದು ಸಂಬಂಧ ಬಂತು. ಮಗ್ಗದ ಮನೆಯ ಹುಡುಗಿ, ತಾನೂ ನೇಯುತ್ತಾಳೆ, ಅವಳಿಗೂ ಕಿವಿ ಕೇಳಿಸುವುದಿಲ್ಲ. ಒಂದು ಜೀಪು ತುಂಬ ಹಿರಿಯರು ಹೆಣ್ಣು ನೋಡಲು ಹೋದೆವು. ಆ ಕಡೆಯೂ ಅಷ್ಟೇ ಜನ. ಅವತ್ತಿನದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಹಿರಿಯರು ಕಬ್ಬು, ಮಳೆ, ಯಾರದೋ ಬೀಗತನ, ಮೊಣಕಾಲು ನೋವು ಎಲ್ಲವನ್ನೂ ಮಾತಾಡಿದರು. ಮಾತಾಡಬೇಕಾದ ಇಬ್ಬರು ಮಾತ್ರ ಸುಮ್ಮನೆ ಎದುರುಬದುರು ಕುಳಿತಿದ್ದರು. ತಮ್ಮ ಕೈ ಎತ್ತಿದರೆ ನಡುವೆ ಶಿರಾ ತುಂಬಿದ ತಾಟು ಬರುತ್ತಿತ್ತು. ಹುಡುಗಿ ಕೈ ಎತ್ತಿದರೆ, ಅವಳಿಗೇನೋ ಬೇಕಾಗಿದೆ ಎಂದು ಯಾರೋ ನೀರು ತಂದುಕೊಡುತ್ತಿದ್ದರು.

ಊರಿಗೆ ಬಂದ ಮೇಲೆ ಹುಡುಗಿಯ ತಂದೆ ನನಗೆ ಫೋನ್ ಮಾಡಿದರು.

“ಹುಡುಗಿ ಹಟಾ ಹಿಡದಾಳ್ರಿ ಅಕ್ಕಾರ. ‘ನಾ ಅವರ ಜೋಡಿ ಮಾತಾಡೇ ಇಲ್ಲ, ಹ್ಯಾಂಗ ಹೂಂ ಅನ್ಲಿ’ ಅಂತಾಳ್ರಿ. ಸವದತ್ತಿಯವರೂ ಕೇಳಾಕ ಹತ್ಯಾರ. ರವಿವಾರ ಸಂಜೀಕ ಅವರಿಗೆ ಏನರೆ ಹೇಳಬೇಕ್ರಿ.”

ಸವದತ್ತಿಯವರೆಂದರೆ ಆ ಹುಡುಗಿಗೆ ಬಂದಿದ್ದ ಇನ್ನೊಂದು ಸಂಬಂಧ. ಉತ್ತರ ಬರುವ ಮೊದಲೇ ಗಂಡಿನವರು ಎರಡನೆಯ ಸಲ ಹೆಣ್ಣಿನ ಮನೆಯ ಮೆಟ್ಟಿಲು ಹತ್ತುವ ಪದ್ಧತಿ ನಮ್ಮಲ್ಲಿಲ್ಲ, ಹತ್ತಿದರೆ ಊರ ಬಾಯಿ ಮುಚ್ಚಿಸುವವರಾರು? ಹಾಗಾಗಿ ವಿಡಿಯೊ ಕಾಲ್ ಆಗಲಿ ಎಂದು ನಾನೇ ಹೇಳಿದೆ. ತಮ್ಮನಿಗೆ ವಿಷಯ ತಿಳಿಸಿದಾಗ ಅವನು ಕತ್ತರಿ ಕೆಳಗಿಟ್ಟು, ಕನ್ನಡಿಯ ಮುಂದೆ ನಿಂತು ಮೀಸೆ ತಿದ್ದಿಕೊಂಡ. ಅವನಿಗೆ ಅವಳು ಬೇಕಾಗಿದ್ದಳು. ಅದನ್ನು ಯಾರೂ ಬರೆದು ತೋರಿಸಬೇಕಾಗಿರಲಿಲ್ಲ.

ಗುರುವಾರ ಅವನ ಫೋನಿನಲ್ಲಿ ಮಾಡಿ ನೋಡಿದೆವು. ನೀವು ಬಾಯಲ್ಲಿ ಮಾತಾಡುವವರು, ನಿಮಗೆ ಫೋನ್ ಒಂದು ಕೈಯಲ್ಲಿದ್ದರೆ ಸಾಕು. ಅವನಿಗೆ ಮಾತಾಡಲು ಎರಡೂ ಕೈ ಬೇಕು. ಫೋನನ್ನು ಹೊಲಿಗೆ ಯಂತ್ರಕ್ಕೆ ಒರಗಿಸಿದರೆ ಜಾರಿತು, ತಂಬಿಗೆಗೆ ಒರಗಿಸಿದರೆ ಅವನ ಗಲ್ಲವಷ್ಟೇ ಕಂಡಿತು. ಆ ಪುಟ್ಟ ಪರದೆಯಲ್ಲಿ ಅವಳ ಬೆರಳು ಯಾವುದು, ಹಿಂದಿನ ನೂಲು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಸಾಲದ್ದಕ್ಕೆ ನೆಟ್‌ವರ್ಕ್ ಎಳೆದಾಡಿ, ಅವಳು ಕೈ ಎತ್ತಿದಾಗಲೆಲ್ಲ ಚಿತ್ರ ಹಾಗೇ ನಿಂತುಬಿಡುತ್ತಿತ್ತು. ಅರ್ಧ ಮಾತು ಗಾಳಿಯಲ್ಲೇ ಉಳಿಯುತ್ತಿತ್ತು.

ನನ್ನ ಹತ್ತಿರ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಪರದೆ ದೊಡ್ಡದು, ಕ್ಯಾಮೆರಾ ಚೆನ್ನಾಗಿದೆ, ಆದರೆ ಒಳಗಿನ ವೈಫೈ ಕಾರ್ಡ್ ಸತ್ತು ಎಷ್ಟೋ ಕಾಲವಾಗಿತ್ತು. ಎದುರುಮನೆಯ ಚಾಚಾನ ಮನೆಯಲ್ಲಿ ಒಳ್ಳೆಯ ವೈಫೈ ಇತ್ತು, ಅದು ಓಣಿ ದಾಟಿ ನಮ್ಮ ಅಂಗಡಿಯವರೆಗೂ ಬರುತ್ತಿತ್ತು. ಚಾಚಾ ಟೆಂಪೊ ಇಟ್ಟುಕೊಂಡು ನೇಸರಗಿ ಮೇಲಿಂದ ಬೆಳಗಾವಿಗೆ ಸಾಮಾನು ಸಾಗಿಸುವವರು. ನಾನು ಹಳೆಯ ಕಾರ್ಡಿನ ಚಿತ್ರ ತೆಗೆದು ಬೆಳಗಾವಿಯ ಅಂಗಡಿಗೆ ಕಳಿಸಿದೆ. ಶನಿವಾರ ಸಂಜೆ ಚಾಚಾ ಹೊಸ ಕಾರ್ಡನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಂದುಕೊಟ್ಟರು. ಬಿಸ್ಕೀಟಿಗಿಂತ ಚಿಕ್ಕ ಹಸಿರು ಹಲಗೆ, ಒಂದು ಅಂಚಿಗೆ ಸಾಲಾಗಿ ಚಿನ್ನದ ಬಣ್ಣದ ಹಲ್ಲು. ಅವ್ವ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಶುಭಕಾರ್ಯದ ಸಾಮಾನು ಎಂದು ದೇವರ ಜಗಲಿಯ ಮೇಲಿಟ್ಟಳು. ದೇವರ ಮುಂದೆ ಒಂದು ರಾತ್ರಿ ಇದ್ದರೆ ಕಾರ್ಡಿಗೇನು ಕೆಡುಕು?

ರವಿವಾರ ಬೆಳಿಗ್ಗೆ ನೋಡಿದರೆ ಕಾರ್ಡಿನ ನಡುವಿನ ಚೀಟಿಯ ಮೇಲೆ ಕುಂಕುಮದ ಬೊಟ್ಟು. ಅವ್ವನ ಮೇಲೆ ಸ್ವಲ್ಪ ರೇಗಿ ಒರೆಸಿ ತೆಗೆದೆ. ಆಮೇಲೆ ಕೆಲಸಕ್ಕೆ ಕುಳಿತೆವು. ನಾನು ಸಾಲೆಯಲ್ಲಿ ಗಣಿತ ಹೇಳುವವಳು, ಯಾರಾದರೂ ನಿಧಾನ ಮಾಡಿದರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಹಿಂದಿನ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿ, ಬ್ಯಾಟರಿ ಕಳಚಿ, ಹಳೆಯ ಕಾರ್ಡಿನ ತಲೆಯ ಮೇಲಿದ್ದ ಎರಡು ತೆಳ್ಳನೆಯ ವೈರುಗಳನ್ನು, ಒಂದು ಕರಿ, ಒಂದು ಬಿಳಿ, ಉಗುರಿನಿಂದ ಎಬ್ಬಿಸಿದೆ. ಹೊಸದನ್ನು ಸಂದಿಯಲ್ಲಿ ಓರೆಯಾಗಿ ತೂರಿಸಿ ಕೆಳಗೆ ಒತ್ತಿದೆ. ವೈರುಗಳನ್ನು ಮತ್ತೆ ಕೂಡಿಸುವುದು ಮಾತ್ರ ನನ್ನಿಂದಾಗಲಿಲ್ಲ. ತಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ, ಕುಬಸಕ್ಕೆ ಗುಂಡಿ ಒತ್ತುವ ಹಾಗೆ ಟಕ್ ಟಕ್ ಎಂದು ಕೂಡಿಸಿದ. ಅವನಿಗೆ ಆ ಟಕ್ ಕೇಳಿಸುವುದಿಲ್ಲ, ಬೆರಳಿಗೆ ತಿಳಿಯುತ್ತದೆ.

ಲ್ಯಾಪ್‌ಟಾಪ್ ಚಾಲೂ ಆಯಿತು. ಕಾರ್ಡ್ ಇದೆ ಎಂದು ಮಾತ್ರ ಅದಕ್ಕೆ ಗೊತ್ತೇ ಆಗಲಿಲ್ಲ. ಚಾಚಾನ ಮನೆಯ ಕಂಪ್ಯೂಟರಿನಿಂದ ಆ ಕಾರ್ಡಿನ ಸಾಫ್ಟ್‌ವೇರನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿದೆ. ಯಾವ ಕಾರ್ಡಿಗೆ ಹಾಕಲಿ ಎಂದು ಅದು ನನ್ನನ್ನೇ ಕೇಳಿತು. ಏರೋಪ್ಲೇನಿನ ಗುರುತಿದ್ದ ಗುಂಡಿಯನ್ನು ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ. ಲ್ಯಾಪ್‌ಟಾಪನ್ನೇ ಆರಿಸಿ ಮತ್ತೆ ಹಚ್ಚಿದೆ. ಬೆಳಗಾವಿಯ ಅಂಗಡಿಯವನನ್ನು ಮನಸಾರೆ ಬೈದೆ. ನಾಲ್ಕಕ್ಕೆ ಕರೆ ಮಾಡುತ್ತೇವೆ ಎಂದು ಹೇಳಿಯಾಗಿತ್ತು, ಗಡಿಯಾರ ಮೂರು ದಾಟಿತ್ತು. ತಮ್ಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದ. ಅವನನ್ನು ನೋಡಿ ನನಗೆ ಅಳು ಬಂತು. ಅಳುವುದಕ್ಕೂ ಹೊತ್ತಿರಲಿಲ್ಲವಾದ್ದರಿಂದ ಮತ್ತೆ ಮುಚ್ಚಳ ಬಿಚ್ಚಿದೆ.

ಕಾರ್ಡನ್ನು ಹೊರತೆಗೆದು ಬಾಗಿಲ ಬೆಳಕಿಗೆ ಹಿಡಿದರೂ ಏನೂ ಕಾಣಲಿಲ್ಲ. ಅದರ ಹಲ್ಲಿನ ಮೇಲೆ ಬೆರಳಾಡಿಸಿದೆ, ಜಿಡ್ಡು ತಾಗಿತು. ಬೆರಳು ಮೂಸಿದರೆ ತುಪ್ಪದ ವಾಸನೆ. ಬೆರಳು ಹಳದಿ.

“ಅವ್ವಾ, ಇದಕ್ಕ ಏನ ಹಚ್ಚೀ?”

“ಭಂಡಾರ,” ಎಂದಳು ಅವ್ವ, ಮತ್ತೇನು ಹಚ್ಚುತ್ತಾರೆ ಎನ್ನುವ ಹಾಗೆ. “ಗುಡ್ಡದಿಂದ ತಂದದ್ದು. ಉದುರಬಾರದಂತ ತುಪ್ಪದಾಗ ಕಲಸೇನಿ. ಹೊಸಾ ಸಾಮಾನಾ ಹಂಗ ಒಳಗ ತೊಗೊಳ್ಳೂದೇನು? ಶುಕ್ರವಾರಕ್ಕೊಮ್ಮೆ ಹೊಲಿಗಿ ಮಶಿನ್ನಿಗೂ ಹಚ್ಚತೇನಿ, ಅದೇನ ನಿಂತೈತೇನು?”

ಸವದತ್ತಿ ಗುಡ್ಡದ ದೇವಿಯ ಅರಿಶಿನದ ಪುಡಿಗೆ ನಮ್ಮ ಕಡೆ ಭಂಡಾರ ಎನ್ನುತ್ತಾರೆ. ಅವ್ವನ ಲೆಕ್ಕ ಸರಿಯಾಗಿಯೇ ಇತ್ತು. ಕಾರ್ಡಿನಲ್ಲಿ ಬಂಗಾರದ ಹಾಗೆ ಹೊಳೆಯುವ ಜಾಗ ಅದೊಂದೇ, ಹಚ್ಚುವುದಾದರೆ ಅಲ್ಲೇ ಹಚ್ಚಬೇಕು. ಬಂಗಾರದ ಬಣ್ಣದ ಮೇಲೆ ಅರಿಶಿನ ಹಚ್ಚಿದರೆ ನನ್ನ ಕನ್ನಡಕಕ್ಕೆ ಕಾಣುವುದಾದರೂ ಹೇಗೆ? ನಾನು ಬಾಯಿ ತೆರೆಯುವಷ್ಟರಲ್ಲಿ ತಮ್ಮ ಮೇಜಿನ ಮೇಲೆ ಬರೆದ: “ನನಗ ಹಚ್ಚೂಕಿಂತ ಮೊದಲ ಇದಕ್ಕ ಅರಿಶಿಣ ಹಚ್ಚ್ಯಾಳ.” ಬರೆದು ಹೊಟ್ಟೆ ಹಿಡಿದುಕೊಂಡು ನಕ್ಕ. ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ನನ್ನ ಸಾಲೆಯ ಚೀಲದಿಂದ ರಬ್ಬರ್ ತೆಗೆದು, ತಪ್ಪು ಲೆಕ್ಕ ಅಳಿಸುವ ಹಾಗೆ ಹಲ್ಲುಗಳನ್ನು ಮೆಲ್ಲಗೆ ಉಜ್ಜಿದೆ. ತಮ್ಮ, ಹೊಲಿಗೆ ಯಂತ್ರದಲ್ಲಿ ಸೇರುವ ನೂಲಿನ ಜುಂಜು ತೆಗೆಯುವ ಸಣ್ಣ ಕುಂಚದಿಂದ, ಕಾರ್ಡ್ ಕೂರುವ ಸಂದಿಯನ್ನು ಶುಚಿ ಮಾಡಿದ. ಕೆಳಗೆ ಬಿದ್ದ ಹಳದಿ ಪುಡಿಯನ್ನು ಯಾರೂ ತುಳಿಯಬಾರದೆಂದು ಅವ್ವ ಅಂಗೈಯಲ್ಲಿ ಬಳಿದುಕೊಂಡು ತುಳಸಿಯ ಬುಡಕ್ಕೆ ಹಾಕಿ ಬಂದಳು. ಮತ್ತೆ ಕಾರ್ಡ್, ಮತ್ತೆ ಟಕ್ ಟಕ್, ಮತ್ತೆ ಸ್ಕ್ರೂ. ಈ ಸಲ ಸಾಫ್ಟ್‌ವೇರ್ ತಕರಾರಿಲ್ಲದೆ ಕುಳಿತಿತು. ಪರದೆಯ ಮೂಲೆಯಲ್ಲಿ ಬೀಸಣಿಕೆಯಂಥ ಗುರುತು ಮೂಡಿತು, ಅದರ ಕೆಳಗೆ ಓಣಿಯ ಮನೆಗಳ ವೈಫೈಗಳೆಲ್ಲ ಸಾಲಾಗಿ ಬಂದು ನಿಂತವು. ನಾನು ಬಾಗಿಲಿಗೆ ಓಡಿದೆ. ಚಾಚಿ ಎದುರುಮನೆಯ ಕಟ್ಟೆಯ ಮೇಲೆ ನಿಂತು ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ ಕೂಗಿದರು. ಇಡೀ ಓಣಿಗೆ ಗೊತ್ತಾಯಿತು. ಆಗಲಿ ಬಿಡಿ.

ನಾಲ್ಕಕ್ಕೆ ರಾಮದುರ್ಗದ ಹುಡುಗಿ ದೊಡ್ಡ ಪರದೆಯ ತುಂಬ ಬಂದಳು. ಹಿಂದೆ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ. ಬೆರಳು ಬೆರಳೂ ಸ್ವಚ್ಛ ಕಾಣುತ್ತಿತ್ತು. ತಮ್ಮ ಎರಡೂ ಕೈ ಎತ್ತಿದ, ಅವಳೂ ಎತ್ತಿದಳು, ಮಾತು ಹರಿಯಿತು.

ಅವನು ಅಷ್ಟು ಮಾತಾಡಿದ್ದನ್ನು ನಾನು ಹುಟ್ಟಾ ನೋಡಿರಲಿಲ್ಲ. ಮನೆಯಲ್ಲಿ ಅವನು ಶಾಂತ ಸ್ವಭಾವದವನು ಎಂದು ಎಲ್ಲರಿಗೂ ಹೇಳಿಕೊಂಡು ಬಂದವರು ನಾವು. ಎಲ್ಲಿಯ ಶಾಂತ, ಅವನು ವಾಚಾಳಿ! ಅವಳ ಮಾತಿನ ನಡುವೆ ಬಾಯಿ ಹಾಕುತ್ತಿದ್ದ, ಅಂದರೆ ಕೈ ಹಾಕುತ್ತಿದ್ದ. ಅವಳು ತಡೆ ಎಂದು ಗದರಿಸುತ್ತಿದ್ದಳು. ಯಾರನ್ನೋ ಅಣಕಿಸಿದ, ಅವಳು ಸೆರಗು ಬಾಯಿಗಿಟ್ಟು ನಕ್ಕಳು. ನನಗೆ ಸಂತೋಷ ಉಕ್ಕಿತು. ಒಂದೇ ಮನೆಯಲ್ಲಿ ಬೆಳೆದೂ ಇವನನ್ನು ಇಷ್ಟು ದಿನ ನೋಡಿಯೇ ಇರಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು. ಅವ್ವ ನನ್ನನ್ನು ತಿವಿದು ಏನಂತಾಳೆ ಎಂದು ಕೇಳಿದಳು. ನನಗೇನು ಗೊತ್ತು? ಆ ಕಡೆ ಹುಡುಗಿಯ ತಂದೆಯೂ ನಮ್ಮ ಹಾಗೆಯೇ ಪಿಳಿಪಿಳಿ ನೋಡುತ್ತ ನಿಂತಿದ್ದರು. ಎರಡೂ ಕಡೆಯ ಹಿರಿಯರು ಬೇರೆ ದಾರಿ ಕಾಣದೆ ಒಬ್ಬರಿಗೊಬ್ಬರು ನಮಸ್ಕಾರ ಮಾಡಿಕೊಂಡೆವು.

ಆಮೇಲೆ ಹುಡುಗಿ ಏನೋ ಕೇಳಿದಳು. ತಮ್ಮನ ಕೈ ಇಳಿಯಿತು. ಅವನು ಸೀಮೆಸುಣ್ಣ ತೆಗೆದುಕೊಂಡು ಮೇಜಿನ ಮೇಲೆ ಬರೆದ. ಅವ್ವನಿಗೆ ಓದು ಬಾರದು, ನಾನೇ ಗಟ್ಟಿಯಾಗಿ ಓದಿದೆ:

“ನಿಮ್ಮ ಮನ್ಯಾಗ ನಿಮ್ಮನ್ನ ಬಿಟ್ಟು ನನ್ನ ಜೋಡಿ ಯಾರ ಮಾತಾಡ್ತಾರ ಅಂತ ಕೇಳಾಕತ್ತಾಳ. ಯಾರೂ ಇಲ್ಲಂದ್ರ ಆಕಿ ಬರೂದಿಲ್ಲ.”

ಅವ್ವ ತಡಮಾಡಲಿಲ್ಲ.

“ನಾ ಮಾತಾಡತೇನಿ ಅಂತ ಹೇಳು,” ಎಂದಳು. ತಮ್ಮ ಪರದೆಯತ್ತ ತಿರುಗುವಷ್ಟರಲ್ಲಿ ಅವನ ರಟ್ಟೆ ಹಿಡಿದಳು. “ಬ್ಯಾಡ, ನೀ ಹೇಳಬ್ಯಾಡ. ಹ್ಯಾಂಗ ಹೇಳೂದಂತ ತೋರಸು. ನಾನ ಹೇಳತೇನಿ.”

ನಾನು ಅದನ್ನು ಬರೆದು ತೋರಿಸಬೇಕಾಗಲಿಲ್ಲ, ಅವನು ಅವ್ವನ ತುಟಿಯನ್ನೇ ನೋಡುತ್ತಿದ್ದ. ಕೈ ಎತ್ತಿ ನಿಧಾನವಾಗಿ ಮಾಡಿ ತೋರಿಸಿದ. ಅವ್ವ ಕ್ಯಾಮೆರಾದ ಮುಂದೆ ಬಂದು, ರೊಟ್ಟಿ ಬಡಿದು ಗಟ್ಟಿಯಾದ ಬೆರಳುಗಳನ್ನು ಹಾಗೆಯೇ ಆಡಿಸಲು ನೋಡಿದಳು. ಹುಡುಗಿ ತಲೆ ಅಲ್ಲಾಡಿಸಿ, ಹಾಗಲ್ಲ ಎಂದು ಅಲ್ಲಿಂದಲೇ ತಿದ್ದಿದಳು. ಅವ್ವ ಮತ್ತೆ ಮಾಡಿದಳು. ಹುಡುಗಿಯ ಕಣ್ಣು ತುಂಬಿತು. ಅವಳು ತಂದೆಯತ್ತ ತಿರುಗದೆ ನೇರ ತಮ್ಮನನ್ನು ನೋಡಿ ಒಂದು ಸಣ್ಣ ಸನ್ನೆ ಮಾಡಿದಳು. ಹೂಂ ಎಂದಳೆಂದು ನನಗೂ ತಿಳಿಯಿತು. ತಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಅವ್ವ ಅದೊಂದನ್ನೂ ಗಮನಿಸಲಿಲ್ಲ. ಅವನ ಕೈಗಳನ್ನು ಮುಖದಿಂದ ಬಿಡಿಸಿ ತನ್ನ ಮುಂದೆ ಹಿಡಿದುಕೊಂಡು, “ಇನ್ನೊಂದು ತೋರಸು,” ಎನ್ನುತ್ತಿದ್ದಳು.