ಹಸಿರಿನಡಿಯ ಸಾಲು

ಭದ್ರಾವತಿ ಹಸಿರಾಗುತ್ತಿದೆ ಎಂದು ನಮ್ಮ ಆಫೀಸಿನಲ್ಲಿ ಎಲ್ಲರೂ ಖುಷಿಪಟ್ಟ ದಿನ ನನಗೆ ಮಾತ್ರ ಮೈ ಉರಿದುಹೋಯಿತು.

ನಮ್ಮದು ಶಿವಮೊಗ್ಗದ ವಿನೋಬನಗರದಲ್ಲಿ, ಕ್ಲಿನಿಕ್ಕೊಂದರ ಮಹಡಿಯ ಮೇಲಿರುವ ಸಣ್ಣ ಆಫೀಸು. ಉಪಗ್ರಹ ತೆಗೆದ ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಹೋಲಿಸಿ, ಎಲ್ಲಿ ಗದ್ದೆ ಹೋಗಿ ಸೈಟಾಯಿತು, ಎಲ್ಲಿ ಕೆರೆ ಹೋಗಿ ಬಯಲಾಯಿತು ಎಂದು ನಕ್ಷೆಗೆ ಬಣ್ಣ ಹಚ್ಚುವುದು ನಮ್ಮ ಕೆಲಸ. ಮನೆ ಕೆಂಪು, ಗದ್ದೆ ಹಳದಿ, ನೀರು ನೀಲಿ, ಮರ ಹಸಿರು. ಮೊದಲು ಕಂಪ್ಯೂಟರೇ ಬಣ್ಣ ಹಚ್ಚುತ್ತದೆ, ಅದರ ತಪ್ಪು ತಿದ್ದಲು ನಾವು. ಅಡಿಕೆ ತೋಟವನ್ನು ಅದು ಕಾಡು ಎನ್ನುತ್ತದೆ, ಗಾಜನೂರಿನ ಹಿನ್ನೀರು ಇಳಿದ ಜಾಗವನ್ನು ಹೊಲ ಎನ್ನುತ್ತದೆ. ತಿದ್ದಿ ತಿದ್ದಿ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

ಆ ದಿನ ಪರದೆಯ ಮೇಲಿದ್ದದ್ದು ಭದ್ರಾವತಿಯ ಹಳೆಯ ಕಾರ್ಖಾನೆ ಕ್ವಾರ್ಟರ್ಸು. ನಾನು ಹುಟ್ಟಿ ಬೆಳೆದದ್ದು ಅಲ್ಲೇ. ಹಳೆಯ ಚಿತ್ರದಲ್ಲಿ ಸಾಲುಸಾಲು ಕೆಂಪು, ಹೊಸದರಲ್ಲಿ ಬರೀ ಹಸಿರು. ಇದು ಅರ್ಧ ನಿಜ. ಕಾರ್ಖಾನೆ ನಿಂತ ಮೇಲೆ ಜನ ಬಿಟ್ಟುಹೋದ ಮನೆಗಳ ಮೇಲೆ ಗಿಡಗಂಟಿ ಹಬ್ಬಿದೆ. ಆದರೆ ಕೊನೆಯ ಸಾಲಿನಲ್ಲಿ ಇನ್ನೂ ಜನ ಇದ್ದಾರೆ. ನನ್ನ ಚಿಕ್ಕಮ್ಮನೇ ಇದ್ದಾಳೆ. ಚಿಕ್ಕಪ್ಪ ಈಗ ಆಟೋ ಓಡಿಸುತ್ತಾನೆ, ಅವಳು ಬ್ಲೌಸ್ ಹೊಲಿಯುತ್ತಾಳೆ. ಮದುವೆಯಾಗಿ ಬಂದಾಗ ಅವಳು ಆಯನೂರಿನ ತವರಿನಿಂದ ತಂದು ನೆಟ್ಟ ಹಲಸಿನ ಸಸಿ ಮನೆಯನ್ನೇ ಮುಚ್ಚುವಷ್ಟು ಬೆಳೆದಿದೆ. ಅದರ ನೆರಳಲ್ಲೇ ಅವಳ ಹೊಲಿಗೆ ಮಿಷನ್ನು. ಅಕ್ಕಪಕ್ಕದವರೂ ಮಾವು, ನೇರಳೆ ಹಾಕಿದ್ದಾರೆ. ಮೇಲಿನಿಂದ ನೋಡಿದರೆ ಒಂದು ಹೆಂಚೂ ಕಾಣದು.

ಕಾಣದಿದ್ದರೆ ಏನಾಯಿತು ಎನ್ನಬಹುದು. ಆದರೆ ಕುಡಿಯುವ ನೀರಿನ ಹೊಸ ಪೈಪು ಎಲ್ಲೆಲ್ಲಿ ಹಾಕಬೇಕೆಂಬುದನ್ನು ನಗರಸಭೆಯವರು ಈ ನಕ್ಷೆ ನೋಡಿಯೇ ತೀರ್ಮಾನಿಸಲಿದ್ದರು. ಕೆಂಪಿದ್ದಲ್ಲಿ ಪೈಪು, ಹಸಿರಿದ್ದಲ್ಲಿ ಇಲ್ಲ. ಆ ಸಾಲಿನವರು ಬೇಸಿಗೆಯಿಡೀ ಬಿಂದಿಗೆ ಸಾಲಿಟ್ಟು ಟ್ಯಾಂಕರ್ ಕಾಯುವವರು.

"ಸರ್, ಇಲ್ಲಿ ಜನ ಇದ್ದಾರೆ" ಎಂದು ನಮ್ಮ ಸಾಹೇಬರಿಗೆ ಹೇಳಿದೆ.

"ಚಿತ್ರದಲ್ಲಿ ಎಲ್ರೀ ಇದ್ದಾರೆ? ನಿಮ್ಗೆ ಗೊತ್ತು ಅಂತ ಕೆಂಪು ಮಾಡೋಕಾಗಲ್ಲ. ನಾಳೆ ಇನ್ನೊಬ್ರು ಬಂದು, ಇದು ನಮ್ಮತ್ತೆ ಮನೆ ಸರ್ ಅಂತಾರೆ."

ಕೆಟ್ಟವರಲ್ಲ ಅವರು. ಹೇಳಿದ್ದರಲ್ಲಿ ನ್ಯಾಯವೂ ಇತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಭಾನುವಾರ ಭದ್ರಾವತಿಗೆ ಹೋದಾಗ ಮೊಬೈಲಿನಲ್ಲಿ ಆ ಚಿತ್ರ ತೋರಿಸಿದೆ. ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಹುಡುಕಿದಳು.

"ನಮ್ಮನೆ ಎಲ್ಲೇ?"

"ಇದೇ ನೋಡು, ಈ ಹಲಸಿನ ಮರದ ಕೆಳಗೆ."

"ಅಂದ್ರೆ ನಾವು ಇಲ್ವಾ?"

"ಮೇಲಿಂದ ನೋಡೋರಿಗೆ ಇಲ್ಲ."

"ಒಳ್ಳೇ ಕತೆ ಆಯ್ತಲ್ಲ ಮಾರಾಯ್ತಿ! ಇನ್ನೂ ಬದುಕಿದೀವಿ, ಮೇಲಿನೋರು ಆಗ್ಲೇ ಲೆಕ್ಕದಿಂದ ತೆಗ್ದಿದ್ದಾರೆ" ಎಂದು ನಕ್ಕಳು. ನಗುತ್ತಲೇ ಮತ್ತೆ ಮತ್ತೆ ಆ ಹಸಿರನ್ನು ಬೆರಳಿಂದ ಹಿಗ್ಗಿಸಿ ನೋಡಿದಳು.

ಆಮೇಲೆ ನಾನು ಸಾಹೇಬರ ತಲೆ ತಿಂದೆ. ಒಮ್ಮೆ ಬಂದು ಕಣ್ಣಾರೆ ನೋಡಿ ಎಂದು ಬೆನ್ನು ಹತ್ತಿದೆ. ಕೊನೆಗೂ ಒಪ್ಪಿದರು. ಕುಣಿಯುವಷ್ಟು ಖುಷಿಯಾಗಿ ಚಿಕ್ಕಮ್ಮನಿಗೆ ಫೋನ್ ಮಾಡಿದೆ: "ಗುರುವಾರ ನಮ್ಮ ಸಾಹೇಬ್ರು ನಿಮ್ಮ ಸಾಲು ನೋಡೋಕೆ ಬರ್ತಿದ್ದಾರೆ."

"ಬರ್ಲಿ, ಬರ್ಲಿ. ನಾವೆಲ್ಲ ರೆಡಿ ಮಾಡಿಟ್ಟಿರ್ತೀವಿ."

ಈ ರೆಡಿ ಮಾಡುವುದೆಂದರೇನೆಂದು ಕ್ವಾರ್ಟರ್ಸಿನಲ್ಲಿ ಬೆಳೆದವರಿಗೆ ಗೊತ್ತು. ಕಾರ್ಖಾನೆ ಜೋರಾಗಿದ್ದ ಕಾಲದಲ್ಲಿ ದೊಡ್ಡ ಸಾಹೇಬರು ಬರುತ್ತಾರೆಂದರೆ ಬೀದಿ ಗುಡಿಸಿ, ಮರದ ಬುಡಕ್ಕೆ ಸುಣ್ಣ ಕೆಮ್ಮಣ್ಣು ಬಳಿದು, ಒಣಹಾಕಿದ ಬಟ್ಟೆ ಒಳಗೆಳೆದುಕೊಳ್ಳುತ್ತಿದ್ದರು. ನಮ್ಮಮ್ಮ ಎಮ್ಮೆಯನ್ನು ಹಿಂದಿನ ಬೀದಿಗೆ ಅಟ್ಟುತ್ತಿದ್ದಳು. ಸಾಹೇಬರ ಕಣ್ಣಿಗೆ ಏನು ಬೀಳಬೇಕೋ ಅದು ಬೀಳುವಂತೆ ಮಾಡಿಡುವುದು ಆ ಜನಕ್ಕೆ ರಕ್ತದಲ್ಲೇ ಬಂದದ್ದು.

ಗುರುವಾರ ನಮ್ಮ ಕಾರು ಆ ಸಾಲಿಗೆ ತಿರುಗಿದಾಗ ದಾರಿ ತಪ್ಪಿದೆವೆಂದುಕೊಂಡೆ. ಅಷ್ಟು ಬೆಳಕು. ಹಲಸು, ಮಾವು, ನೇರಳೆ, ಎಲ್ಲದರ ಕೊಂಬೆಗಳನ್ನೂ ಕಡಿಸಿಹಾಕಿದ್ದರು. ಬೋಳು ಕಾಂಡಗಳು ನಿಂತಿದ್ದವು, ಬುಡಕ್ಕೆ ಸುಣ್ಣ ಕೆಮ್ಮಣ್ಣು ಬಳಿದಿತ್ತು. ಬಾಗಿಲಿಗೆಲ್ಲ ರಂಗೋಲಿ. ಚಿಕ್ಕಮ್ಮನ ಅಂಗಳದ ಮೂಲೆಯಲ್ಲಿ ಎಳೆ ಹಲಸಿನಕಾಯಿಗಳು ರಾಶಿ ಬಿದ್ದಿದ್ದವು, ತೊಟ್ಟಿನಲ್ಲಿ ಇನ್ನೂ ಹಾಲು ಒಸರುತ್ತಿತ್ತು.

ಅವಳು ಮದುವೆ ಮನೆಗೆ ಉಡುವ ಸೀರೆಯುಟ್ಟು ಕಾಫಿ ತಂದಳು. "ನೋಡಿ ಸರ್, ಈಗ ಎಲ್ಲಾ ಮನೆನೂ ಕಾಣುತ್ತೆ. ಮೇಲಿಂದ ನೋಡಿದ್ರೂ ಕಾಣುತ್ತೆ."

"ನಮ್ದೂ ಮಾವಿನ ಕೊಂಬೆ ತೆಗ್ದಾಯ್ತು ಸಾರ್" ಎಂದಳು ಪಕ್ಕದ ಮನೆಯ ತಮಿಳಮ್ಮ.

ಸಾಹೇಬರು ಲೋಟ ಹಿಡಿದುಕೊಂಡು ಬೋಳು ಕಾಂಡಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಮರ ಇದ್ದಿದ್ರೂ ಬರ್ಕೊಂಡು ಹೋಗ್ತಿದ್ದೆ ಕಣ್ರೀ. ಮನೆ ನೋಡೋಕೆ ತಾನೇ ನಡ್ಕೊಂಡು ಬಂದಿದ್ದು? ಅಷ್ಟು ಹೇಳಿರ್ಲಿಲ್ವಾ ಅವ್ರಿಗೆ?"

ಹೇಳಿರಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ಇದಕ್ಕೇ. "ಏನಂತೆ?" ಎಂದು ಚಿಕ್ಕಮ್ಮ ದೂರದಿಂದಲೇ ಕಣ್ಣಲ್ಲಿ ಕೇಳಿದಳು. ಕೆಂಪು ಮಾಡ್ತಾರಂತೆ ಎಂದೆ. ಅವಳ ಮುಖ ಅರಳಿತು. ಹೊರಡುವಾಗ ಪಲ್ಯಕ್ಕೆಂದು ನನ್ನ ಚೀಲಕ್ಕೆ ಎರಡು ಎಳೆಗಾಯಿ ತುರುಕಿದಳು.

ಪೈಪು ಬಂತು, ನಲ್ಲಿಯಲ್ಲಿ ನೀರೂ ಬಂತು. ಅದನ್ನು ಇಲ್ಲ ಎನ್ನಲಾರೆ.

ಈ ಬೇಸಿಗೆಯ ಹೊಸ ಚಿತ್ರ ಬಂದಾಗ ಮೊದಲು ಆ ಸಾಲನ್ನೇ ಹುಡುಕಿದೆ. ಹೆಂಚಿನ ಮಾಡುಗಳು ಒಂದೊಂದಾಗಿ ಕಂಡವು. ಕಂಪ್ಯೂಟರು ತಾನೇ ಕೆಂಪು ಹಚ್ಚಿತ್ತು. ಆದರೆ ಹಿಂದಿನ ಚಿತ್ರದೊಂದಿಗೆ ಹೋಲಿಸಿ ಅದು ತೆಗೆದ ಫಲಿತಾಂಶ ಬೇರೆ: ಇಲ್ಲಿ ಮರ ಕಡಿದು ಹೊಸದಾಗಿ ಮನೆ ಕಟ್ಟಿದ್ದಾರೆ. ಆ ಮನೆಗಳಲ್ಲೇ ಇದ್ದು ಕೂದಲು ಬೆಳ್ಳಗಾದವರನ್ನು ಅದು ನಿನ್ನೆ ಮೊನ್ನೆ ಬಂದು ಕಾಡು ಕಡಿದವರನ್ನಾಗಿ ಮಾಡಿತ್ತು. ಹೊರಗೆ ಹೋಗಿ ಚಿಕ್ಕಮ್ಮನಿಗೆ ಫೋನ್ ಮಾಡುವಷ್ಟು ತಾಳ್ಮೆಯೂ ಇರಲಿಲ್ಲ, ಕುಳಿತಲ್ಲಿಂದಲೇ ಮಾಡಿದೆ. ಇನ್ನೇನು ಹೇಳುವುದೋ ಗೊತ್ತಾಗದೆ, ಹೊಸ ಚಿತ್ರ ಬಂದಿದೆ ಎಂದಷ್ಟೇ ಹೇಳಿದೆ.

"ಈಗ ಕಾಣ್ತೀವೇನೇ?"

"ಕಾಣ್ತೀರಿ ಚಿಕ್ಕಮ್ಮ."

"ಹಲಸು ಮತ್ತೆ ಚಿಗುರ್ತಾ ಇದೆ ಕಣೇ" ಎಂದಳು. ದನಿ ತಗ್ಗಿತು. "ಅದು ಅಡ್ಡ ಬಂತು ಅಂತ ನೀರು ನಿಲ್ಸಿಬಿಟ್ರೆ ಕಷ್ಟ. ಹಸಿರು ಕಾಣೋಕೆ ಶುರುವಾದ್ರೆ ಮೊದ್ಲೇ ಹೇಳ್ಬಿಡು, ಬುಡಕ್ಕೇ ಕಡಿಸ್ತೀನಿ."

ಬೇಡ ಚಿಕ್ಕಮ್ಮ, ಅದನ್ನ ಮುಟ್ಟಬೇಡ ಎಂದು ನಾನು ಕೂಗಿದ್ದು ಇಡೀ ಆಫೀಸಿಗೆ ಕೇಳಿಸಿತು.