ನೀಲಿ ಅಂಟು ಹಿಡಿಯುವ ತನಕ

ರತ್ನಕ್ಕನಿಗೆ ಯಾವ ವಸ್ತುವನ್ನೂ ಬರೀ ಕಣ್ಣಿನಿಂದ ನೋಡಿ ಗೊತ್ತಿರಲಿಲ್ಲ. ಜಗ್ಗಿ ನೋಡಬೇಕು. ಯಾರ ಮನೆಗೆ ಹೋದರೂ ಕುರ್ಚಿಯನ್ನು ಒಮ್ಮೆ ಅಲುಗಿಸಿಯೇ ಕೂರುತ್ತಿದ್ದಳು, ಚಹಾ ಕೊಟ್ಟರೆ ಮೊದಲು ಕಪ್ಪಿನ ಕಿವಿ ಜಗ್ಗುತ್ತಿದ್ದಳು. ಬೈಲಹೊಂಗಲದ ಪೇಟೆಯಲ್ಲಿ ನನ್ನ ಬೀಜ-ಗೊಬ್ಬರದ ಅಂಗಡಿಯ ಪಕ್ಕ ಆಕೆ ಮೋಟಾರು ಸುತ್ತುವ ಅಂಗಡಿ ತೆರೆದ ದಿನ ನಾನು ಪರಿಚಯ ಮಾಡಿಕೊಳ್ಳಲು ಹೋದೆ. ನನ್ನ ಹೆಸರು ಕೇಳುವ ಮೊದಲೇ ಅಂಗಿಯ ಗುಂಡಿ ಜಗ್ಗಿದಳು. ಅದು ಕೈಗೇ ಬಂತು.

"ಜಗ್ಗಿದರ ಬರೂದು ನಮ್ದಲ್ಲ, ತಮ್ಮಾ" ಎಂದು ಗುಂಡಿಯನ್ನು ನನ್ನ ಅಂಗೈಯಲ್ಲಿಟ್ಟಳು. ಅದನ್ನು ಮತ್ತೆ ಹೊಲಿಯುವಾಗ ನನ್ನ ಹೆಂಡತಿ ಇಡೀ ಪೇಟೆಯನ್ನು ಬೈದಳು.

ಆಕೆಯನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ. ಅಕ್ಕನನ್ನು ನಮ್ಮ ಕಡೆ ಹಾಗೆಯೇ ಕರೆಯುವುದು. ಆಕೆಯ ಹುಟ್ಟೂರಿನವರೂ ಏಕವಚನದಲ್ಲಿಯೇ ಕರೆಯುತ್ತಿದ್ದರು, ಆದರೆ ಆ ಏಕವಚನ ಬೇರೆ ಜಾತಿಯದು.

ರಾಮದುರ್ಗದಲ್ಲಿ ಮಗ್ಗದ ಮೋಟಾರು ರಿಪೇರಿ ಮಾಡುವವರ ಕೈಕೆಳಗೆ ಆಕೆ ಕೆಲಸ ಕಲಿತದ್ದು. ಪಂಪ್‌ಸೆಟ್ಟು, ಮಿಕ್ಸರು, ಫ್ಯಾನು ಏನು ಬಂದರೂ ಬಿಚ್ಚಿ ಕೂರುತ್ತಿದ್ದಳು. ಹೊಸ ಗಿರಾಕಿಗಳು ಬಾಗಿಲಲ್ಲಿ ನಿಂತು, ರಿಪೇರಿ ಮಾಡುವವರು ಎಲ್ಲಿ, ಕರೆಯಿರಿ ಎನ್ನುತ್ತಿದ್ದರು. ಈಕೆ ಎದ್ದು ಒಳಗೆ ಹೋಗಿ, ಕೈ ತೊಳೆದು, ಹೊರಗೆ ಬಂದು, "ಬಂದಾರ, ಹೇಳ್ರಿ" ಎನ್ನುತ್ತಿದ್ದಳು. ವಿನಯ ಎಂಬುದು ಆಕೆಯ ಬಳಿ ಸುಳಿಯುತ್ತಿರಲಿಲ್ಲ. ತಾನು ಸುತ್ತಿದ ಮೋಟಾರಿನಂಥದ್ದು ಬೆಳಗಾವಿ ಜಿಲ್ಲೆಯಲ್ಲಿ ಇನ್ನೊಂದಿಲ್ಲ ಎಂದು ತಾನೇ ಹೇಳಿಕೊಳ್ಳುತ್ತಿದ್ದಳು. ಅದು ಪೂರಾ ನಿಜವೂ ಅಲ್ಲ, ನನ್ನ ಪಂಪನ್ನು ಆಕೆ ಎರಡು ಸಲ ಸುಟ್ಟಿದ್ದಾಳೆ.

ಒಮ್ಮೆ ಯಾರೋ ರಿಮೋಟಿನಿಂದ ಓಡುವ ಆಟಿಕೆ ದೋಣಿಯೊಂದನ್ನು ರಿಪೇರಿಗೆ ಕೊಟ್ಟು ಹೋದರು. ವಾಪಸು ಒಯ್ಯಲು ಬರಲೇ ಇಲ್ಲ. ರತ್ನಕ್ಕ ಅದನ್ನು ಬಿಚ್ಚಿದವಳು ಮತ್ತೆ ಮೊದಲಿನಂತಾಗಲಿಲ್ಲ. ಅರವತ್ತು ದಾಟಿದ ಹೆಂಗಸು ತೆಳು ಪ್ಲೈವುಡ್ಡು ಕೊಯ್ದು, ಅಂಟು ಬಳಿದು, ತೋಳುದ್ದದ ಕೆಂಪು ದೋಣಿ ಕಟ್ಟಿದಳು. ಬಿಡುವಿನ ದಿನ ನನ್ನ ಬೈಕಿನ ಹಿಂದೆ ಅದನ್ನು ಮಗುವಿನಂತೆ ಅಪ್ಪಿಕೊಂಡು ಕೂತು ಮನೋಳಿಯ ಹೊಳೆಗೆ ಬರುತ್ತಿದ್ದಳು. ವಯಸ್ಸಿಗೆ ತಕ್ಕ ಕೆಲಸ ಮಾಡಬಾರದೇ ಎಂದು ನನ್ನವ್ವನೇ ಕೇಳಿದ್ದಳು. ವಯಸ್ಸಿಗೆ ತಕ್ಕ ಕೆಲಸ ಅಂದರೆ ಸಾಯುವುದೊಂದೇ, ಅದಕ್ಕೆ ಅವಸರವಿಲ್ಲ ಎಂದು ಉತ್ತರ ಕೊಟ್ಟಳು. ಆವತ್ತಿನಿಂದ ಇಬ್ಬರೂ ಗೆಳತಿಯರು.

ಅಂಥ ದೋಣಿಯಲ್ಲಿ ಮೋಟಾರು ಹೊಟ್ಟೆಯೊಳಗಿರುತ್ತದೆ, ಪಂಖ ಬಾಲದಲ್ಲಿ, ನೀರಿನೊಳಗೆ. ನಡುವೆ ಒಂದು ಉಕ್ಕಿನ ಶಾಫ್ಟು. ಶಾಫ್ಟು ಮೋಟಾರಿಗೆ ಸೇರುವಲ್ಲಿ ಕಪ್ಲಿಂಗು, ಅದರಲ್ಲಿ ತಲೆಯಿಲ್ಲದ ಪುಟ್ಟ ಸ್ಕ್ರೂ. ಆ ಸ್ಕ್ರೂ ಸಡಿಲಾದರೆ ಕತೆ ಮುಗಿಯಿತು: ಮೋಟಾರು ಒಂದೇ ಸಮನೆ ಕಿರುಚುತ್ತದೆ, ಪಂಖ ತಿರುಗುವುದಿಲ್ಲ. ಅದಕ್ಕೆ ರತ್ನಕ್ಕ ಶಾಫ್ಟನ್ನು ಅರದಿಂದ ಉಜ್ಜಿ ಒಂದು ಕಡೆ ಚಪ್ಪಟೆ ಮಾಡುತ್ತಿದ್ದಳು, ಸ್ಕ್ರೂವಿಗೆ ಕೂರಲು ಜಾಗ ಬೇಕಲ್ಲ. ಆಮೇಲೆ ಎಲ್ಲವನ್ನೂ ಪೆಟ್ರೋಲಿನಿಂದ ಒರೆಸಿ, ಎಣ್ಣೆಯ ಪಸೆ ಇಲ್ಲದಂತೆ ಮಾಡಿ, ಸ್ಕ್ರೂವಿಗೆ ಒಂದು ಹನಿ ನೀಲಿ ಅಂಟು. ಅಂಟು ಹಿಡಿಯಲು ಗಂಟೆಯಾದರೂ ಬೇಕು. ಅಷ್ಟು ಹೊತ್ತು ಯಾರೂ ಮುಟ್ಟುವಂತಿಲ್ಲ. ಕೊನೆಗೆ ಆಕೆ ಪಂಖವನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗುತ್ತಿದ್ದಳು, ನೋಡುವವರ ಹಲ್ಲು ಜುಮ್ಮೆನ್ನುವ ಹಾಗೆ.

ಆದರೆ ಪಂಖದ ಮುಂದೆ, ಶಾಫ್ಟು ದೋಣಿಯಿಂದ ಹೊರಬರುವಲ್ಲಿ, ಅಕ್ಕಿಕಾಳಿನಷ್ಟು ಸಂದು ಬಿಡುತ್ತಿದ್ದಳು. ಅದನ್ನೂ ಬಿಗಿ ಮಾಡಬಾರದೇ ಎಂದು ಕೇಳಿದೆ. ಶಾಫ್ಟಿನ ಆ ತುದಿ ಹೆಣೆದ ತಂತಿಯದು, ಭಾರ ಬಿದ್ದಾಗ ಹುರಿಗೊಂಡು ಗಿಡ್ಡಾಗುತ್ತದೆ, ಜಾಗವಿಲ್ಲದಿದ್ದರೆ ತನ್ನನ್ನು ತಾನೇ ಹಿಚುಕಿಕೊಳ್ಳುತ್ತದೆ ಎಂದಳು. ಬಿಗಿ ಬೇಕಾದಲ್ಲಿ ಬಿಗಿ, ಸಡಿಲ ಬೇಕಾದಲ್ಲಿ ಸಡಿಲ. "ನಮ್ಮೂರ ಮಂದಿ ಅದನ್ನ ತಿರುವು ಮುರುವು ಮಾಡ್ಯಾರ ನೋಡು" ಎಂದು ನಕ್ಕಳು.

ಆ ಊರು ಸವದತ್ತಿಯ ದಾರಿಯಲ್ಲಿದೆ. ಹೆಸರು ಬರೆಯುವುದಿಲ್ಲ. ಬರೆದರೆ ಅಕ್ಕಪಕ್ಕದ ಊರಿನವರು ತಾವು ಪಾರಾದೆವೆಂದು ಕುಣಿದಾರು. ಅಲ್ಲೊಂದು ಕಲ್ಲು ಮೆಟ್ಟಿಲಿನ ಕೆರೆ. ರತ್ನಕ್ಕನ ಅಜ್ಜಿಗೆ ಆ ಮೆಟ್ಟಿಲು ಇಳಿಯುವ ಹಕ್ಕಿರಲಿಲ್ಲ, ಏರಿಯ ಕೆಳಗಿನ ಹೊಂಡದಿಂದ ನೀರು ತರಬೇಕಿತ್ತು. ಈಗ ಮನೆಮನೆಗೆ ನಲ್ಲಿ ಬಂದಿದೆ, ಕೆರೆಯ ನೀರು ಯಾರಿಗೂ ಬೇಕಿಲ್ಲ. ಆದರೂ ಆಕೆಯ ಕೇರಿಯವರು ಮೆಟ್ಟಿಲಿಗೆ ಕಾಲಿಟ್ಟದ್ದಿಲ್ಲ. ಈಗಲೂ ಬೇಡ ಅನ್ನುತ್ತಾರೆಯೇ ಎಂದು ಕೇಳಿದ್ದೆ.

"ಈಗ ಯಾರೂ ಬ್ಯಾಡ ಅನ್ನಂಗಿಲ್ಲ, ಬಸಣ್ಣಾ. ಯಾಕಂದ್ರ ಯಾರೂ ಇಳಿಯಂಗಿಲ್ಲ."

ದಸರೆಯ ದಿನ, ಊರೆಲ್ಲ ಬನ್ನಿ ಎಲೆ ಹಂಚಿಕೊಳ್ಳಲು ಕೆರೆಯ ದಂಡೆಗೆ ಬಂದಾಗ, ತಾನು ಆ ಮೆಟ್ಟಿಲಿನಿಂದಲೇ ದೋಣಿ ಬಿಡುವುದಾಗಿ ಆಕೆ ತೀರ್ಮಾನಿಸಿದಳು. ಅರ್ಧಕ್ಕೆ ನಿಂತರೆ ಊರು ನಗುತ್ತದೆ ಎಂಬುದು ಗೊತ್ತಿತ್ತು. ಹಿಂದಿನ ದಿನ ಕಪ್ಲಿಂಗನ್ನು ಒರೆಸಿ, ಕಾಗದದ ಮೇಲಿಟ್ಟು, ಮುಂಜಾನೆ ಜೋಡಿಸಿ ಅಂಟು ಹಾಕಿದಳು.

ಕೆರೆಗೆ ಹೋದೆವು. ಮೆಟ್ಟಿಲಿಳಿದು ದೋಣಿಯನ್ನು ನೀರಿಗಿಟ್ಟಳು. ದಂಡೆಯ ಮೇಲಿನವರು ಅಂಚಿಗೆ ಬಂದು ನಿಂತರು. ಕೆಂಪು ದೋಣಿ ಬಿಟ್ಟ ಬಾಣದಂತೆ ಹೋಯಿತು, ಕೆರೆಯ ನಡುವಿಗೂ ಹೋಯಿತು, ಅಲ್ಲಿ ನಿಂತಿತು. ಮೋಟಾರು ಕಿರುಚುವುದು ದಡಕ್ಕೆ ಕೇಳುತ್ತಿತ್ತು. ಮೇಲೆ ಯಾರೋ ಕಿಸಕ್ಕನೆ ನಕ್ಕರು.

ಊರ ಹಿರಿಯರೊಬ್ಬರು ಬಹಳ ಮೃದುವಾಗಿ, "ನೀ ಇಳೀಬ್ಯಾಡ ರತ್ನಿ. ನಮ್ಮ ಹುಡುಗರು ತಂದು ಕೊಡತಾರ" ಎಂದರು. ಆ ಮೃದುತನಕ್ಕೆ ನನ್ನ ಮೈ ಉರಿಯಿತು. ರತ್ನಕ್ಕ ಸೀರೆಯನ್ನು ಕಚ್ಚೆ ಕಟ್ಟಿ ನೀರಿಗಿಳಿದಳು. ಮೊಣಕಾಲು, ಸೊಂಟ, ಎದೆ. ನನಗೆ ಈಜು ಬಾರದು, ದಡದಲ್ಲೇ ನಿಂತೆ. ಆಕೆ ದೋಣಿಯನ್ನು ತಲೆಯ ಮೇಲಿಟ್ಟುಕೊಂಡು, ನೀರು ಸುರಿಸುತ್ತ, ಅದೇ ಮೆಟ್ಟಿಲು ಹತ್ತಿ ನಡುವಿನಲ್ಲೇ ಕುಳಿತಳು.

ಮುಚ್ಚಳ ತೆಗೆದು ಕಪ್ಲಿಂಗು ಮುಟ್ಟಿ, ಬೆರಳನ್ನು ಮೂಸಿದಳು. ದೀಪದ ಔಡಲೆಣ್ಣೆ. ಹಿಂದಿನ ದಿನ ಖಂಡೆಪೂಜೆ, ಅಂದರೆ ಆಯುಧಪೂಜೆ. ಸಾಲಿನ ಅಂಗಡಿಗಳಿಗೆಲ್ಲ ಆರತಿ ಬೆಳಗಿದ ನನ್ನವ್ವ ಗೆಳತಿಯ ಅಂಗಡಿಗೂ ಹೋಗಿದ್ದಳು. ಕಾಗದದ ಮೇಲೆ ಒಣಗಿ ಕೂತ ಕಬ್ಬಿಣ ಕಂಡರೆ ಒಂದು ಹನಿ ಎಣ್ಣೆ ಬಿಡದೆ ಬರುವ ಜೀವವಲ್ಲ ಅದು. ಎಣ್ಣೆಯ ಮೇಲೆ ನೀಲಿ ಅಂಟು ಹಿಡಿಯುವುದಿಲ್ಲ.

"ನಿಮ್ಮವ್ವಗ ಹೇಳಬ್ಯಾಡ" ಎಂದಳು ರತ್ನಕ್ಕ. "ಪ್ರೀತೀಲೆ ಹಾಕ್ಯಾಳ."

ನನ್ನ ಬೈಕಿನಿಂದ ಪೆಟ್ರೋಲು ತರಿಸಿ ಒರೆಸಿದಳು. ಮೆಟ್ಟಿಲಿನ ಮೇಲಿಟ್ಟಿದ್ದ ಸಣ್ಣ ಚೀಲದಿಂದ ಅಂಟಿನ ಬಾಟಲಿ ತೆಗೆದು ಒಂದು ಹನಿ ಬಿಟ್ಟು ಸ್ಕ್ರೂ ತಿರುಗಿಸಿದಳು. ದೋಣಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಳು. ಅಷ್ಟರಲ್ಲಿ ಡೊಳ್ಳು ಕೇಳಿತು. ದೇವರ ಪಲ್ಲಕ್ಕಿ ಕೆರೆಗೆ ಬರುತ್ತಿತ್ತು, ಅದೇ ಮೆಟ್ಟಿಲು ಇಳಿದು ನೀರು ಮುಟ್ಟಬೇಕು. ಹಿರಿಯರು ಇಳಿದು ಬಂದರು. ಈ ಸಲ ದನಿ ಮೃದುವಾಗಿರಲಿಲ್ಲ. ಎಷ್ಟು ಹೊತ್ತು ಕೂರುತ್ತೀ ಎಂದು ಕೇಳಿದರು.

"ಅಂಟು ಹಿಡಿಯೂ ತನಕ. ನಡುವ ಅಲುಗಾಡಿಸಿದರ ಕೆಡತೈತಿ."

ಪಲ್ಲಕ್ಕಿ ಬಂತಲ್ಲ ಎಂದರು.

"ಮೆಟ್ಟಲಾ ಅಗಲ ಅದಾವರಿ. ದೇವರು ಬರಲಿ, ನಾ ಬ್ಯಾಡ ಅಂದೇನಿಲ್ಲ."

ಆಕೆಯನ್ನು ಎಬ್ಬಿಸಬೇಕಾದರೆ ಮುಟ್ಟಬೇಕಿತ್ತು. ಮುಟ್ಟುವವರು ಯಾರು? ಡೊಳ್ಳಿನವರು ಬಡಿಯುತ್ತಲೇ ಇದ್ದರು. ಹೊತ್ತವರ ಹೆಗಲು ಸೋತವು. ಕೊನೆಗೆ ಪಲ್ಲಕ್ಕಿ ಆಕೆಯ ಬಲಗಡೆಯಿಂದ ಇಳಿಯಿತು, ನೀರು ಮುಟ್ಟಿತು, ಎಡಗಡೆಯಿಂದ ಹತ್ತಿತು. ಭಂಡಾರದ ಅರಿಸಿನ ಪುಡಿ ಆಕೆಯ ಒದ್ದೆ ತಲೆಯ ಮೇಲೂ ಬಿತ್ತು. ಆಕೆ ಕೊಡವಿಕೊಳ್ಳಲೂ ಇಲ್ಲ, ಕೈ ಮುಗಿಯಲೂ ಇಲ್ಲ. ಹೊತ್ತಾದ ಮೇಲೆ ಪಂಖ ಜಗ್ಗಿ ನೋಡಿ, ದೋಣಿಯನ್ನು ನೀರಿಗೆ ಬಿಟ್ಟಳು. ಅದು ಆಚೆ ದಂಡೆ ಮುಟ್ಟಿ ತಿರುಗಿ ಬಂತು. ಕೆಲವರು ಆಕೆಗೆ ಬನ್ನಿ ಕೊಟ್ಟರು, ಕೆಲವರು ಮುಖ ತಿರುಗಿಸಿದರು. ಎರಡೂ ಬಗೆಯವರ ಹೆಸರು ನನಗೆ ನೆನಪಿವೆ.

ಹೋದ ವರ್ಷ ಮಳೆಗಾಲದಲ್ಲಿ ರತ್ನಕ್ಕನ ಎದೆ ಕೈಕೊಟ್ಟಿತು. ಬೆಳಗಾವಿಯ ಆಸ್ಪತ್ರೆಗೆ ನೋಡಲು ಹೋದಾಗ ಮಂಚದ ಸರಳು ಜಗ್ಗಿ, ಸಡಿಲಾಗಿದೆ ಎಂದು ನರ್ಸಿಗೆ ದೂರುತ್ತಿದ್ದಳು. ನಾನು ಬಗ್ಗಿದಾಗ ಸೂಜಿ ಚುಚ್ಚಿದ ಕೈ ಎತ್ತಿ ನನ್ನ ಅಂಗಿಯ ಗುಂಡಿ ಜಗ್ಗಿದಳು. ಬರಲಿಲ್ಲ. "ಈಗ ನಿಂದು" ಎಂದಳು. ಮತ್ತೆ ಆಕೆಯ ಮಾತು ಕೇಳಲು ನನಗೆ ಸಿಗಲಿಲ್ಲ. ಪಕ್ಕದ ಅಂಗಡಿಯಲ್ಲಿ ಈಗ ಮೊಬೈಲು ಮಾರುತ್ತಾರೆ. ನಾನು ಆ ಕಡೆ ನೋಡುವುದಿಲ್ಲ.

ದೋಣಿ ಆಕೆಯ ತಂಗಿ ಕಮಲವ್ವನ ಬಳಿ ಇದೆ. ಈ ದಸರೆಗೆ ಕಮಲವ್ವ ಕೇರಿಯ ಹೆಂಗಸರನ್ನೆಲ್ಲ ಕರೆದುಕೊಂಡು ಕೆರೆಗೆ ಬಂದಳು. ಮೆಟ್ಟಿಲಿನ ನಡುವೆ ಸಾಲಾಗಿ ಕುಳಿತರು. ಗಟ್ಟಿಯಾಗಿಯೇ ಇದ್ದ ಸ್ಕ್ರೂವನ್ನು ನಾನು ಬೇಕೆಂದೇ ಬಿಚ್ಚಿ, ಒರೆಸಿ, ಒಂದು ಹನಿ ನೀಲಿ ಅಂಟು ಹಾಕಿ ಮತ್ತೆ ಬಿಗಿ ಮಾಡಿದೆ. ಡೊಳ್ಳು ಬಂತು, ಪಲ್ಲಕ್ಕಿ ಬಂತು, ಪಕ್ಕದಿಂದ ಇಳಿದು ಹತ್ತಿ ಹೋಯಿತು. ಅವರು ಏಳಲಿಲ್ಲ. ಹೊತ್ತು ಇಳಿಯುತ್ತಿತ್ತು. ಅದೇ ಹಿರಿಯರು ದಂಡೆಯ ಮೇಲಿಂದ, "ಇನ್ನಾ ಹಿಡೀಲಿಲ್ಲೇನವಾ ನಿಮ್ಮ ಅಂಟು?" ಎಂದು ಕೇಳಿದರು.

ಕಮಲವ್ವ ಪಂಖವನ್ನು ಎರಡು ಬೆರಳಲ್ಲಿ ಹಿಡಿದು ಇದ್ದ ಶಕ್ತಿಯೆಲ್ಲ ಹಾಕಿ ಜಗ್ಗಿದಳು. ಅದು ಕೂದಲೆಳೆಯಷ್ಟೂ ಅಲುಗಲಿಲ್ಲ.

"ಇನ್ನಾ ಇಲ್ಲರಿ" ಎಂದಳು, ಕಾಲು ಚಾಚಿ ಕುಳಿತಳು.